ಗುಳ್ಳೆ ಏಳುವ ಒತ್ತಡ

ಜೂನ್ 3, ಸೋಮವಾರ

ಬೆಳಗಿನಿಂದ ಲ್ಯಾಬಿನಲ್ಲಿ ಹೊಸ ತೈಲಬಾವಿಯ ಎಣ್ಣೆಯೊಂದಿಗೆ ಗುದ್ದಾಟ. ಉಕ್ಕಿನ ಬಾಟಲಿ, ಒಳಗೆ ನೆಲದಾಳದ ಪ್ರೆಶರ್. ಸ್ವಲ್ಪಸ್ವಲ್ಪವೇ ಇಳಿಸಿದೆ. ಅಂದುಕೊಂಡದ್ದಕ್ಕಿಂತ ಎಷ್ಟೋ ಮೊದಲೇ ಗುಳ್ಳೆ! ಸೋಡಾ ತೆರೆದ ಹಾಗೆ ಗ್ಯಾಸ್ ಹೊರಗೆ. ಉಳಿದ ಎಣ್ಣೆ ಮಂದ, ಹರಿಯಲು ಮೊಂಡು. ಬಾವಿಯಲ್ಲೂ ಇದೇ ಆಗುತ್ತದೆ — ವಾಲ್ವ್ ಪೂರ್ತಿ ತೆರೆದರೆ ಕೆಳಗೆ ಪ್ರೆಶರ್ ಬೀಳುತ್ತದೆ, ಗ್ಯಾಸ್ ಮೇಲೆ ಬರುತ್ತದೆ, ಎಣ್ಣೆ ಕಲ್ಲಿನೊಳಗೇ ಕೂರುತ್ತದೆ.

ಬಾವಿಯ ಮ್ಯಾನೇಜರ್ ಎಂದರೆ ನನ್ನ ಭಾವ. ಸಂಜೆ ಅಕ್ಕನ ಮನೆಗೇ ಹೋಗಿ, ವಾಲ್ವ್ ಪೂರ್ತಿ ತೆರೆಸಬೇಡಿ ಎಂದು ಹೇಳಿದೆ.

"ಬಾಟಲಿ ನೀನು ನೋಡ್ಕೋ ತಾಯಿ. ಬಾವಿ ನಂಗೆ ಬಿಡು."

ಅಷ್ಟೇ. ಟಿವಿ ಜೋರು ಮಾಡಿದರು.

ಜೂನ್ 5

ಪೂರ್ತಿ ತೆರೆಸಿದ್ದಾರೆ. ತಿರುಗಿಸಿದವನು ಮೀಸೆ — ನಾವೆಲ್ಲ ಹಾಗೇ ಕರೆಯುವ ವಾಲ್ವ್ ಆಪರೇಟರ್, ಹೇಳಿದ್ದನ್ನು ಮಾಡುವವನು. ಎಣ್ಣೆ ಧುಮ್ಮಿಕ್ಕಿತು. ಭಾವನಿಗೆ ಫೋನಿನ ಮೇಲೆ ಫೋನು, ಶಹಭಾಸ್‌ಗಿರಿ. ನನಗೆ ಮೈಯೆಲ್ಲ ಉರಿ.

ಜೂನ್ 19

ಎಣ್ಣೆ ನಿಂತಿತು. ಬರೀ ಗ್ಯಾಸ್, ಬುಸುಬುಸು. ಬಾವಿ ಮತ್ತೆ ಮೊದಲಿನಂತಾಗದು.

ದೊಡ್ಡ ಸಾಹೇಬರ ಮುಂದೆ ಭಾವ — "ನಾನು ಅರ್ಧ ತೆಗಿ ಅಂದಿದ್ದೆ ಸರ್. ಇವನು ಪೂರ್ತಿ ತಿರುಗಿಸ್ಬಿಟ್ಟ."

ಮೀಸೆಯ ಕಡೆ ಬೆರಳು ತೋರಿಸಿದರು. ನಾನೇ ಎದ್ದೆ. "ಸುಳ್ಳು ಸರ್. ಬೇಡ ಅಂತ ಇವರಿಗೆ ನಾನೇ ಹೇಳಿದ್ದೆ."

"ಮನೆ ಜಗಳ ಸರ್, ಆಫೀಸಿಗೆ ತರ್ತಾಳೆ."

ಎಲ್ಲರೂ ತಲೆಯಾಡಿಸಿದರು! ಮೀಸೆಯನ್ನು ಗೇಟಿನ ಹೊರಗೆ ಕಳಿಸಿದರು. ಅವನ ಕೆಲಸದ ಬಗ್ಗೆ ಶುಕ್ರವಾರ ತೀರ್ಮಾನ.

ನೇರ ಅಕ್ಕನ ಹತ್ತಿರ ಹೋದೆ. "ಅವತ್ತು ನೀನೂ ಇದ್ಯಲ್ಲ?"

"ನಾನು ಅಡುಗೆಮನೇಲಿದ್ದೆ ಕಣೇ."

ನನ್ನ ಪಕ್ಕದಲ್ಲೇ ಕೂತಿದ್ದಳು. ಮೊಣಕೈಗೆ ಮೊಣಕೈ ತಾಗುತ್ತಿತ್ತು. ಬಾಗಿಲು ದಡಾರನೆ ಎಳೆದುಕೊಂಡು ಬಂದೆ.

ಜೂನ್ 21, ಶುಕ್ರವಾರ

ಸಾಹೇಬರ ರೂಮಿಗೆ ಹೋದರೆ ಅಕ್ಕ ಅಲ್ಲಿದ್ದಾಳೆ. ನಾನು ಕರೆದಿರಲಿಲ್ಲ. ಭಾವನ ಮುಖ ನೋಡದೆ ಹೇಳಿದಳು —

"ಇವಳು ಬೇಡ ಅಂದ್ಳು. ಇವಳು ಹೋದ್ಮೇಲೆ ಇವ್ರು ಮೀಸೆಗೆ ಫೋನ್ ಮಾಡಿ ಪೂರ್ತಿ ತೆಗಿ ಅಂದ್ರು. ಲ್ಯಾಬ್‌ನೋರಿಗೆ ಏನ್ ಗೊತ್ತು ಅಂತ ನಕ್ರು. ನಾನೂ ನಕ್ಕೆ ಸರ್."

ಮಧ್ಯಾಹ್ನದ ಹೊತ್ತಿಗೆ ಮೀಸೆ ಒಳಗೆ, ಭಾವ ಹೊರಗೆ.

ಜೂನ್ 22

ಅಕ್ಕ ಸೂಟ್‌ಕೇಸ್ ಸಮೇತ ನನ್ನ ಮನೆಯಲ್ಲಿ. ಬೆಳಗಿನಿಂದ ಪಾತ್ರೆ ತಿಕ್ಕುತ್ತಿದ್ದಾಳೆ, ತಿಕ್ಕಿದ್ದನ್ನೇ ಮತ್ತೆ. ಮೀಸೆಯ ಕೆಲಸ ಉಳಿಸಿದವಳು ಅವಳೇ, ಒಪ್ಪಿದೆ. ಆದರೂ ಸಿಟ್ಟು ಇಳಿಯುತ್ತಿಲ್ಲ. ಭಾವ ನಕ್ಕರೆ ನಗಲಿ... ನೀನು ಯಾಕೆ ನಕ್ಕೆ?

ಕೇಳಿಯೇ ಬಿಡುತ್ತೇನೆ. ನಲ್ಲಿ ನಿಲ್ಲಿಸಿದಳು, ಈ ಕಡೆಗೇ ಬರುತ್ತಿ—