ಗಾಲಿಮನೆಯ ಗುಟ್ಟು

ಎರ್ನಾಕುಲಂ
೬ ಅಕ್ಟೋಬರ್ ೨೦೨೫

ಪ್ರೀತಿಯ ರಾಜೀವಿ ಅಕ್ಕನಿಗೆ,

ನಿನ್ನ ಶಾಂತಾಳ ನಮಸ್ಕಾರ. ಮೊಣಕಾಲು ನೋವು ಹೇಗುಂಟು? ಎಣ್ಣೆ ತಿಕ್ಕಿಸಿಕೊಳ್ಳುತ್ತೀಯೋ, ಇಲ್ಲ ಬಾಟಲಿಯನ್ನು ಕಪಾಟಿನಲ್ಲಿಟ್ಟು ಪೂಜೆ ಮಾಡುತ್ತಿದ್ದೀಯೋ? ಮೇಸ್ತ್ರಿಯ ಕೆಲಸ ನೋಡಲು ಏಣಿ ಹತ್ತಬೇಡ ಎಂದರೆ ನೀನು ಕೇಳುವವಳಲ್ಲ. ಹೆಡ್ ಟೀಚರಾಗಿದ್ದವಳಿಗೆ ಹೇಳಿ ಗೊತ್ತು, ಕೇಳಿ ಎಲ್ಲಿ ಗೊತ್ತು! ನಾನು ಚೆನ್ನಾಗಿದ್ದೇನೆ. ಇವರೂ ಚೆನ್ನಾಗಿದ್ದಾರೆ, ಬೇಕಾದ್ದಕ್ಕಿಂತ ಹೆಚ್ಚೇ ಚೆನ್ನಾಗಿದ್ದಾರೆ. ನನ್ನ ಸಂಶಯ ಅಲ್ಲೇ ಶುರುವಾದದ್ದು.

ಫೋನ್ ಇರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ನಾವೀಗ ಇರುವುದು ಕ್ಯಾರವಾನಿನಲ್ಲಿ. ವ್ಯಾನಿನೊಳಗೇ ಮನೆ, ಅಕ್ಕಾ. ಹಾಸಿಗೆ, ಒಲೆ, ಫ್ರಿಜ್ಜು, ಪುಟ್ಟ ಬಚ್ಚಲು, ಎಲ್ಲ ಉಂಟು, ಗೋಡೆ ಒಂದು ಇಲ್ಲ. ಈ ಮೂಲೆಯಲ್ಲಿ ನಾನು ಪಿಸುಗುಟ್ಟಿದರೆ ಆ ಮೂಲೆಯಿಂದ ಇವರು ಉತ್ತರ ಕೊಡುತ್ತಾರೆ. ಗಂಡನ ದೂರನ್ನು ಗಂಡನ ಎದುರೇ ಹೇಳುವುದುಂಟೇ? ಕಾಗದವಾದರೆ ಅಡುಗೆಯ ರೆಸಿಪಿ ಬರೆಯುತ್ತಿದ್ದೇನೆ ಎಂದು ಸುಳ್ಳು ಹೇಳಬಹುದು. ಹಾಗೆಯೇ ಹೇಳಿದ್ದೇನೆ.

ವಿಷಯ ಇಷ್ಟೇ. ಕಾರ್ತಿಕದಲ್ಲಿ ನಿನ್ನ ಮನೆಯ ಪಕ್ಕದಲ್ಲಿ ನೀನೇ ನಿಂತು ಕಟ್ಟಿಸುತ್ತಿರುವ ನಮ್ಮ ಮನೆಯ ಗೃಹಪ್ರವೇಶ, ಆಮೇಲೆ ತಿರುವನಂತಪುರ ಬಿಟ್ಟು ಪುತ್ತೂರಿನಲ್ಲೇ ನಮ್ಮ ವಾಸ, ಅಲ್ಲವಾ? ಮದುವೆಯಾದ ವರ್ಷದಿಂದ ನಾನು ಕೇಳುತ್ತ ಬಂದದ್ದು ಅದೊಂದೇ: ಊರಿಗೆ ಹೋಗುವ. ಇವರು ಹೇಳುತ್ತ ಬಂದದ್ದೂ ಒಂದೇ: "ನೋಡುವ." ರಾಕೆಟ್ಟಿನ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದಾಗಲೂ "ನೋಡುವ", ಬಡ್ತಿ ಸಿಕ್ಕಿದಾಗಲೂ "ನೋಡುವ", ನಿವೃತ್ತಿಯ ಹಾರ ಕೊರಳಲ್ಲಿರುವಾಗಲೂ "ನೋಡುವ". ಅಂಥವರು ಈ ವರ್ಷ ವಿಷುವಿನ ಪಾಯಸ ಉಣ್ಣುತ್ತ, "ಆಯ್ತು ಶಾಂತಾ, ಹೋಗುವ" ಎಂದುಬಿಟ್ಟರು! ನನ್ನ ಕೈಯ ಸೌಟು ಕೆಳಗೆ ಬಿತ್ತು. ನಿನಗೆ ಫೋನ್ ಮಾಡಿ ಅತ್ತೆನಲ್ಲ, ಅದೇ ದಿನ.

ಅದು ಆದ ಮೇಲೆ ಈ ಪ್ರವಾಸ. ಮಾರಾಯ್ತಿ, ಇಷ್ಟು ವರ್ಷ ಇಲ್ಲಿದ್ದರೂ ಇವರು ನನ್ನನ್ನು ವರ್ಕಲಕ್ಕೆ ಕರೆದುಕೊಂಡು ಹೋದವರಲ್ಲ. ಮನೆಯಿಂದ ಒಂದು ಗಂಟೆಯ ದಾರಿ. ಈಗ ಆ ಬಂಡೆಯ ತುದಿಯಲ್ಲಿ ನಿಲ್ಲಿಸಿ, "ನೋಡು, ಸಮುದ್ರ ನೋಡು" ಎಂದು ತೋರಿಸುತ್ತಾರೆ. ಕೊಲ್ಲಂನಲ್ಲಿ ದೋಣಿ ಹತ್ತಿಸಿದರು. ಆಲಪ್ಪುಳದಲ್ಲಿ ಹಿನ್ನೀರಿನ ದಡದಲ್ಲೇ ವ್ಯಾನು ನಿಲ್ಲಿಸಿ ಕೈಯಾರೆ ಚಾ ಮಾಡಿ ಕೊಟ್ಟರು. ಮದುವೆ ದಲ್ಲಾಳಿ ಹುಡುಗಿ ತೋರಿಸುವ ಹಾಗೆ ಈ ಊರನ್ನೆಲ್ಲ ನನಗೆ ತೋರಿಸುತ್ತಿದ್ದಾರೆ. ಬಿಟ್ಟು ಹೋಗುವ ಊರನ್ನು ಯಾರಾದರೂ ಹೀಗೆ ಹೊಗಳುತ್ತಾರಾ? ಇದರಲ್ಲಿ ಏನೋ ಉಂಟು ಎಂದು ಆಗಲೇ ಅನಿಸಿತು.

ಅದು ಸಾಲದು ಎಂದು ದಾರಿಯುದ್ದಕ್ಕೂ ಹಳೇ ಸ್ನೇಹಿತರ ಮನೆ. ಹೊರಡುವ ದಿನ ತಿರುವನಂತಪುರದಲ್ಲೇ ಉಳ್ಳೂರಿನಲ್ಲಿರುವ ಕಮಲಾಕ್ಷರಲ್ಲಿಗೆ ಹೋದೆವು. ಕುಂದಾಪುರದವರು, ಇವರ ಜೊತೆಯಲ್ಲೇ ಕೆಲಸಕ್ಕೆ ಸೇರಿದವರು. ನಾನು ಒಳಗಿನಿಂದ ಚಾ ತರುವಾಗ ಇಬ್ಬರೂ ತಲೆಗೆ ತಲೆ ಕೊಟ್ಟು ಗುಸುಗುಸು. ನನ್ನನ್ನು ಕಂಡದ್ದೇ ಕಮಲಾಕ್ಷರು, "ಈ ಸಲ ಮಳೆ ಜಾಸ್ತಿ ಅಲ್ದಾ?" ಎಂದರು. ಹೊರಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಆಲಪ್ಪುಳದ ವೆಂಕಟೇಶರ ಮನೆಯಲ್ಲೂ ಇದೇ ಕಥೆ. ನನ್ನನ್ನು ಅವರ ಹೆಂಡತಿಯ ಕೈಗೊಪ್ಪಿಸಿ ಇಬ್ಬರೂ ತೋಡಿನ ಬದಿಗೆ ನಡೆದರು, ಬಾತುಕೋಳಿ ನೋಡಲಿಕ್ಕಂತೆ!

ಇವರ ಸಂಸ್ಥೆಯಲ್ಲಿ ಒಂದು ಪದ್ಧತಿ ಇತ್ತು, ನಿನಗೆ ಹಿಂದೆಯೂ ಹೇಳಿದ್ದೆ. ರಾಕೆಟ್ ಹಾರಿಸುವ ಮೊದಲು ಒಂದೊಂದೇ ವಿಭಾಗದವರನ್ನು ಕೇಳುತ್ತಾರೆ, ನಿಮ್ಮದು ಸರಿ ಉಂಟಾ ಎಂದು. ಎಲ್ಲರೂ ಸರಿ ಎನ್ನಬೇಕು. ಒಬ್ಬ ಅಡ್ಡ ತಲೆ ಆಡಿಸಿದರೂ ರಾಕೆಟ್ ಅಲ್ಲೇ ಕೂತುಬಿಡುತ್ತದೆ. ಇವರಿಗೆ ಅದೇ ಚಾಳಿ ಮೈಗೆ ಹತ್ತಿ ಹೋಗಿದೆ. ಮನೆಗೆ ಮಿಕ್ಸಿ ತರುವುದಿದ್ದರೂ ನಾಲ್ಕು ಜನರನ್ನು ಕೇಳಿಯೇ ಆಗಬೇಕು. ಹಾಗಾಗಿ ಈ ಸವಾರಿಯ ಅರ್ಥ ನನಗೆ ಹೊಳೆದೇ ಹೊಳೆಯಿತು. ಈ ಸ್ನೇಹಿತರೆಲ್ಲ ಒಂದು ಕಾಲದಲ್ಲಿ ಊರಿಗೆ ಹೋಗುತ್ತೇವೆ ಎಂದು ಹೇಳಿ ಇಲ್ಲೇ ಬೇರು ಬಿಟ್ಟವರು. ಒಬ್ಬೊಬ್ಬರಿಂದಲೂ "ಹೋಗಬೇಡ" ಎನಿಸಿಕೊಂಡು, ಕೊನೆಗೆ ನನ್ನ ಮುಂದೆ ಕೈ ಚೆಲ್ಲುವ ಉಪಾಯ! ಎಷ್ಟು ಸಿಟ್ಟು ಬಂತೆಂದರೆ, ಚೇರ್ತಲದಿಂದ ಇಲ್ಲಿಯವರೆಗೆ ಇವರ ಹತ್ತಿರ ಒಂದು ಮಾತೂ ಆಡಲಿಲ್ಲ. ವ್ಯಾನು ಓಡಿಸುವ ಅಲ್ವಿನ್ ಕನ್ನಡಿಯಲ್ಲೇ ನೋಡಿ, "ಚೇಚಿಗೆ ತಲೆನೋವಾ?" ಎಂದು ಮಲಯಾಳದಲ್ಲಿ ಕೇಳಿದ, ಚೇಚಿ ಎಂದರೆ ಅಕ್ಕ. ತಲೆನೋವು ಪಕ್ಕದಲ್ಲೇ ಕೂತಿದೆ ಎಂದೆ. ಪಾಪ, ಅವನಿಗೆ ತಿಳಿಯಲಿಲ್ಲ.

ಇಷ್ಟು ಬರೆದು ನಿನ್ನೆ ಪೆನ್ನು ಕೆಳಗಿಟ್ಟೆ. ಇವರು ಬಂದು, ಯಾವ ರೆಸಿಪಿ ಇಷ್ಟು ಉದ್ದ ಎಂದು ಇಣುಕಿದರು.

ಇವತ್ತು ಜೋಸೆಫರ ಮನೆಯಲ್ಲಿದ್ದೇವೆ. ಮಂಗಳೂರಿನ ಕಡೆಯವರು, ಬಂದರಿನಲ್ಲಿ ಕೆಲಸಕ್ಕಿದ್ದರು. ಸಂಸ್ಥೆಯ ಪೆಟ್ಟಿಗೆಗಳನ್ನು ಹಡಗಿನಿಂದ ಬಿಡಿಸಿಕೊಳ್ಳಲು ಇವರು ವಿಲ್ಲಿಂಗ್ಡನ್ ಐಲ್ಯಾಂಡಿಗೆ ಬಂದಾಗ ಬೆಳೆದ ಸ್ನೇಹ. ಬೆಳಿಗ್ಗೆ ನಮ್ಮನ್ನು ಬೋಟಿನಲ್ಲಿ ಆ ದ್ವೀಪಕ್ಕೆ ಕರೆದುಕೊಂಡು ಹೋದರು. ಇಬ್ಬರೂ ಕಂಬಿ ಹಿಡಿದು ನಿಂತು ಮತ್ತೆ ಅದೇ ಗುಸುಗುಸು. ಈ ಸಲ ಜೋಸೆಫರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಇವರಿಗೇನಾದರೂ ಕಾಯಿಲೆಯಾ? ನನ್ನಿಂದ ಮುಚ್ಚಿಟ್ಟಿದ್ದಾರಾ?

ಮನೆಗೆ ಬಂದವಳೇ ಅಡುಗೆಮನೆಯಲ್ಲಿ ಜೋಸೆಫರ ಹೆಂಡತಿ ಗ್ರೇಸಿಯನ್ನು ಹಿಡಿದು ನಿಲ್ಲಿಸಿದೆ. ನಿಜ ಹೇಳದೆ ಈ ಈರುಳ್ಳಿ ಹೆಚ್ಚಲು ಬಿಡುವುದಿಲ್ಲ ಎಂದೆ. ಅವಳು ಮೊದಲು ನಕ್ಕಳು, ಆಮೇಲೆ ಅತ್ತಳು. "ಕಾಯಿಲೆಯೂ ಇಲ್ಲ, ಎಂತದೂ ಇಲ್ಲ. ಪ್ರತಿ ಮನೆಯಲ್ಲೂ ನಿನ್ನ ಗಂಡ ಕೇಳುವುದು ಒಂದೇ. ಮೊದಲ ವರ್ಷ ಶಾಂತಾಳಿಗೆ ಬೇಜಾರಾದೀತು, ನೀವು ಒಬ್ಬೊಬ್ಬರಾಗಿ ಪುತ್ತೂರಿಗೆ ಬಂದು ನಾಲ್ಕು ದಿನ ಇದ್ದು ಹೋಗ್ತೀರಾ, ಅಂತ. ಜೋಸೆಫ್ ಕ್ರಿಸ್‌ಮಸ್ ಕಳೆದು ಬರ್ತೇವೆ ಅಂದ್ರು. ಇಷ್ಟು ವರ್ಷ ಅವಳಿಗೆ ಏನೂ ತೋರಿಸಲಿಲ್ಲ, ನೋಡದೆ ಹೋಗುವುದು ಬೇಡ ಅಂತ ಈ ವ್ಯಾನು ತಂದದ್ದಂತೆ. ನೀವು ಹೋದ ಮೇಲೆ ನನಗೆ ಕನ್ನಡದಲ್ಲಿ ಬೈಯಲಿಕ್ಕೆ ಯಾರುಂಟು ಹೇಳು?"

ಅಂದರೆ ಇವರು ಹೋಗುವುದು ಬೇಡ ಎನಿಸಿಕೊಳ್ಳಲು ತಿರುಗಿದವರಲ್ಲ ಅಕ್ಕಾ, ಹೋಗಲಿಕ್ಕೆ ತಯಾರಿ ಮಾಡುತ್ತಿದ್ದವರು. ಇವರನ್ನು ಎಷ್ಟು ಬೈದುಕೊಂಡೆ ಮನಸ್ಸಿನಲ್ಲಿ! ಮಧ್ಯಾಹ್ನ ಊಟಕ್ಕೆ ಇವರ ಎಲೆಗೆ ಎರಡು ಹಪ್ಪಳ ಹೆಚ್ಚು ಹಾಕಿದೆ. ಯಾಕೆ ಎಂದು ಅನುಮಾನದಿಂದ ನೋಡಿದರು. ಎರಡನ್ನೂ ಮುರಿದು ತಿಂದರು. ನಾನು ಕುಣಿದಾಡಬೇಕಿತ್ತು, ಬೇಡಿದ್ದು ಕೈಗೆ ಬಂದಿದೆ. ಆದರೆ ಎಲೆಯ ಮೇಲಿನ ಅನ್ನವನ್ನು ಸುಮ್ಮನೆ ಕಲಸುತ್ತ ಕೂತೆ.

ನಾಳೆ ಇಲ್ಲಿಂದ ತಿರುಗಿ ತಿರುವನಂತಪುರಕ್ಕೆ. ನಿನ್ನ ಸೊಸೆಗೂ ಮೊಮ್ಮಗುವಿಗೂ ನನ್ನ ಆಶೀರ್ವಾದ ಹೇಳು. ಇವರು ನಿನಗೆ ನಮಸ್ಕಾರ ತಿಳಿಸಲು ಹೇಳಿದ್ದಾರೆ. ರೆಸಿಪಿಯ ಕೆಳಗೆ ನಮಸ್ಕಾರ ಬರೆಯುವುದು ಹೊಸ ಪದ್ಧತಿಯಾ ಎಂದೂ ಕೇಳಿದ್ದಾರೆ.

ಇತಿ, ನಿನ್ನ ತಂಗಿ
ಶಾಂತಾ

ತಾ.ಕ.: ಅಲ್ವಿನ್ ಅಂಚೆಗೆ ಹಾಕಲು ಬಾಗಿಲಲ್ಲಿ ಕಾದಿದ್ದಾನೆ, ಬೇಗ ಬರೆಯುತ್ತೇನೆ. ಅಕ್ಕಾ, ನನಗೆ ಪುತ್ತೂರಿಗೆ ಬರಲು ಮನಸ್ಸಿಲ್ಲ. ಇಷ್ಟು ವರ್ಷ ನಾನು ಹಠ ಹಿಡಿದದ್ದು ಇವರು ಒಪ್ಪುವುದಿಲ್ಲ ಎಂಬ ಧೈರ್ಯದ ಮೇಲೆ. ಅದು ನನಗೂ ಇವತ್ತೇ ಗೊತ್ತಾದದ್ದು. ನಿನ್ನಲ್ಲಿಗೆ ಬಂದರೆ ಮೂರನೇ ದಿನ ಮನೆಗೆ ಹೋಗಬೇಕು ಅನಿಸುತ್ತದೆ, ಮನೆ ಎಂದಾಗ ಕಣ್ಣೆದುರು ಬರುವುದು ತಿರುವನಂತಪುರವೇ. ನನ್ನ ಎತ್ತರಕ್ಕೆ ಸರಿಯಾಗಿ ನೀನು ಅಡುಗೆಕಟ್ಟೆ ತಗ್ಗಿಸಿ ಕಟ್ಟಿಸಿದ್ದೀಯೆಂದು ನಿನ್ನ ಸೊಸೆ ಹೇಳಿದಳು. ಅದನ್ನು ಕೇಳಿದ ಮೇಲಂತೂ ನಿನಗೆ ಹೇಗೆ ಹೇಳುವುದೆಂದೇ ತಿಳಿಯುತ್ತಿಲ್ಲ. ಇವರಿಗೆ ಇನ್ನೂ ಹೇಳಿಲ್ಲ, ಮೊದಲು ನಿನಗೆ. ಬೈ ಅಕ್ಕಾ, ಬಾಯಿಗೆ ಬಂದ ಹಾಗೆ ಬೈ. ಮಾತು ಮಾತ್ರ ಬಿಡಬೇಡ.