ನಾದಿನಿ ಬಂದ ದಿನಗಳು

ಮಾರ್ಚ್ 3, ಬೆಳಿಗ್ಗೆ 8

ನಾದಿನಿ ಇನ್ನೂ ಹೊರಟಿಲ್ಲ. ನಿನ್ನೆ ಮಧ್ಯಾಹ್ನ ಬಂದವಳು. ಪರದೆ ಎಳೆದಿದೆ, ಫ್ಯಾನ್ ಒಂದರಲ್ಲಿದೆ, ಬಕೆಟ್ ಮಂಚದ ಪಕ್ಕ. ಸ್ವಂತ ಮನೆಯಲ್ಲಿ ಕಳ್ಳನ ಹಾಗೆ ತುದಿಗಾಲಲ್ಲಿ ಓಡಾಟ.

ನನಗೆ ಅಕ್ಕತಂಗಿಯರಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಮೈಗ್ರೇನ್ ಬಂದಾಗ, "ನಾದಿನಿ ಇಲ್ಲದ ಮನೆ ಅಂತ ಖುಷಿಪಟ್ಟಿದ್ದೆ. ನೋಡಿ, ಬಂದೇಬಿಟ್ಲು" ಎಂದಿದ್ದಳು. ಹದಿನೇಳು ವರ್ಷವಾಯಿತು. ಹೇಳದೆ ಕೇಳದೆ ಬರುತ್ತಾಳೆ. ಎಡಗಣ್ಣಿನ ಹಿಂದೆ ಠಿಕಾಣಿ. ಬೆಳಕು ಆಗದು, ಸದ್ದು ಆಗದು, ನಾನಂತೂ ಆಗಲೇ ಆಗದು. ಎರಡು ದಿನ ಇದ್ದು, ವಾಂತಿ ಮಾಡಿಸಿ ಹೋಗುತ್ತಾಳೆ.

ಇವಳ ಹೊಲಿಗೆ ಅಂಗಡಿ ಇವತ್ತೂ ಮುಚ್ಚಿದೆ. ಶಾಲೆಯವರ ಅರವತ್ತು ಯೂನಿಫಾರಂ ಕತ್ತರಿಸಿದ ಬಟ್ಟೆಯಾಗಿಯೇ ಬಿದ್ದಿವೆ.

ಮಾರ್ಚ್ 5

ನರದ ಡಾಕ್ಟರ ಹತ್ತಿರ ಹೋಗಿದ್ದೆವು. ಹೊಸ ಮಾತ್ರೆ.

"ಇದು ನೋವು ಬಂದಾಗ ನುಂಗೋದಲ್ಲ, ಬರದೇ ಇರೋಕೆ ದಿನಾ ನುಂಗೋದು. ಬೆರಳು ಜೋಮು ಹಿಡಿಯತ್ತೆ, ಎರಡೂ ಕೈ, ಬಂದು ಹೋಗತ್ತೆ. ಸೋಡಾ ಸಪ್ಪೆ ಅನ್ನಿಸತ್ತೆ. ಮಾತಾಡುವಾಗ ಪದ ಸಿಗದೇ ಹೋಗಬಹುದು."

ಇವಳು ನನ್ನ ಕಡೆ ಬೆರಳು ತೋರಿಸಿದಳು. "ಡಾಕ್ಟ್ರೇ, ಇವರಿಗೂ ಒಂದು ಶೀಟ್ ಬರ್ಕೊಡಿ."

ಡಾಕ್ಟರು ನಕ್ಕರು. ಆಮೇಲೆ ಗಂಭೀರವಾದರು. ಸಿಡಿಲು ಹೊಡೆದ ಹಾಗೆ ಒಮ್ಮೆಲೇ ಬರುವ ನೋವು, ಇದುವರೆಗಿನ ಥರ ಇಲ್ಲದ ನೋವು, ಜ್ವರದ ಜೊತೆ ಕತ್ತು ಬಿಗಿಯುವುದು, ಒಂದೇ ಕಡೆಯ ಕೈಕಾಲು ಸೋಲುವುದು. "ಇದ್ರಲ್ಲಿ ಒಂದು ಕಂಡ್ರೂ ನನಗೆ ಫೋನ್ ಮಾಡ್ತಾ ಕೂರಬೇಡಿ. ಸೀದಾ ಆಸ್ಪತ್ರೆ." ನಾನು ತಲೆ ಆಡಿಸುತ್ತಿದ್ದೆ. ಮನಸ್ಸು ಮಾತ್ರ ಇವಳ ಜೋಕಿನ ಮೇಲಿತ್ತು — ಪತ್ರಿಕೆಯ ನನ್ನ ಅಂಕಣಕ್ಕೆ ಹಾಕಬಹುದಾ ಎಂದು.

ಒಂದು ಪಟ್ಟಿ ಕೊಟ್ಟಿದ್ದಾರೆ, ದಿನಾ ತುಂಬಬೇಕು. ತಾರೀಖು, ಎಷ್ಟು ಗಂಟೆ ನೋವು, ಎಷ್ಟು ಜೋರು. ಕೊನೆಗೆ 'ಬೇರೆ ತೊಂದರೆ' ಎಂಬ ಅಂಚೆಚೀಟಿಯಷ್ಟು ಚೌಕ. ನೋವಿನಲ್ಲಿ ಇವಳಿಗೆ ಬರೆಯಲಾಗದು. ವಾರಪತ್ರಿಕೆಯ ಉಪಸಂಪಾದಕನಾದ ನಾನೇ ಲಿಪಿಕಾರ.

"ಈ ಮನೇಲಿ ಎರಡು ಕತ್ತರಿ ಡಾಕ್ಟ್ರೇ. ನಾನು ಅಳತೆ ತಗೊಂಡು ಕತ್ತರಿಸ್ತೀನಿ. ಇವರಿಗೆ ಅಳತೆ ಗಿಳತೆ ಏನೂ ಬೇಡ."

ಮಾರ್ಚ್ 14

ಮಾತ್ರೆ ಕೆಲಸ ಶುರು ಮಾಡಿದೆ, ಅಂದರೆ ಕಾಟ ಶುರು ಮಾಡಿದೆ. ಎರಡೂ ಕೈಬೆರಳು ಜೋಮು, ತುಟಿಯೂ. ಸೋಡಾ ಕುಡಿದು, "ಇದಕ್ಕೆ ನಿಮ್ಮ ಅಂಕಣದ ರುಚಿ" ಎಂದಳು.

ಸಂಜೆ ಅಂಗಡಿಯಲ್ಲಿ:

"ಅದು ಕೊಡಿ ರೀ… ಅದೇ… ಎರಡು ಕಾಲಿರತ್ತಲ್ಲ, ಬಾಯಿ ತೆರೀತಾನೇ ಇರತ್ತೆ…"

"ನಾನಾ?"

"ಅಯ್ಯೋ, ಅದರಿಂದ ಏನಾದ್ರೂ ಕೆಲಸ ಆಗತ್ತೆ."

ಕತ್ತರಿ ಕೊಟ್ಟೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅಳತೆ ಕೊಡಲು ಬಂದಿದ್ದ ಹೆಂಗಸು ನಮ್ಮಿಬ್ಬರನ್ನೂ ನೋಡಿ ಟೇಪು ತಾನೇ ಹಿಡಿದುಕೊಂಡಳು.

ಮಾರ್ಚ್ 25

ಹನ್ನೊಂದು ದಿನ ನಾದಿನಿಯ ಸುಳಿವಿಲ್ಲ. ಯೂನಿಫಾರಂ ಅರವತ್ತೂ ಹೋದವು. ಡೋಸ್ ಏರಿಸಿದರು. ಮಂಚದ ಪಕ್ಕದ ಬಕೆಟ್ ಬಚ್ಚಲಿಗೆ ವಾಪಸ್ — ಬಡ್ತಿಯೋ ಹಿಂಬಡ್ತಿಯೋ ಅದನ್ನೇ ಕೇಳಬೇಕು.

ಏಪ್ರಿಲ್ 6, ಬೆಳಿಗ್ಗೆ

ಮತ್ತೆ ತಲೆನೋವು, ಮೂರು ದಿನದಿಂದ. ಮಲಗಿದರೆ ಜಾಸ್ತಿ, ಎದ್ದು ಕೂತರೆ ಸ್ವಲ್ಪ ಕಡಿಮೆ. ಬಗ್ಗಿದರೆ, ಕೆಮ್ಮಿದರೆ ತಲೆ ಒಡೆಯುತ್ತದಂತೆ. ಎಡಗಣ್ಣಲ್ಲ, ಇಡೀ ತಲೆ.

"ಇವಳು ನಾದಿನಿ ಅಲ್ಲ ರೀ. ಬೇರೆ ಯಾರೋ."

"ನಾದಿನಿಯ ಗಂಡನ ಕಡೆಯವರಿರಬೇಕು. ಮನೆ ನೋಡ್ಕೊಂಡು ಹೋಗೋಕೆ ಬಂದಿದಾರೆ."

ತಲೆ ಹಿಡಿದುಕೊಂಡೇ ನಕ್ಕಳು. ಆಮೇಲೆ, "ತಮಾಷೆ ಅಲ್ಲ. ಸೂಜಿಗೆ ದಾರ ಪೋಣಿಸೋಕೆ ಆಗ್ಲಿಲ್ಲ ನಿನ್ನೆ. ಕತ್ತರಿ ಕೈಯಿಂದ ಜಾರತ್ತೆ. ಬಲಗೈ ಮಾತ್ರ. ಎಡಗೈಗೆ ಏನೂ ಇಲ್ಲ. ಬರ್ಕೊಳ್ಳಿ" ಎಂದಳು.

ಬರೆದುಕೊಂಡೆ. 'ಬಲಗೈ ಮಾತ್ರ ಜೋಮು, ಕತ್ತರಿ ಜಾರುತ್ತದೆ' — ಚೌಕದಲ್ಲಿ ಹಿಡಿಯಲಿಲ್ಲ. ಹೇಗೂ ಮಾತ್ರೆಯ ಕಾಟ, ಡಾಕ್ಟರಿಗೆ ಗೊತ್ತಿರುವುದೇ. 'ಕೈ ಜೋಮು' ಎಂದು ಮುಗಿಸಿದೆ. ಐದು ಪದದ ಕೆಲಸ ಎರಡು ಪದಕ್ಕೆ ಬಂತು ಎಂದು ಬೀಗಿದೆ ಕೂಡ.

ಏಪ್ರಿಲ್ 8, ಮಧ್ಯಾಹ್ನ

ಇವಳ ಒತ್ತಾಯಕ್ಕೆ ಡಾಕ್ಟರಿಗೆ ಫೋನ್ ಮಾಡಿದೆ. ಪಟ್ಟಿ ನೋಡಿಕೊಂಡು ಓದಿದೆ: ತಲೆನೋವು, ಕೈ ಜೋಮು, ಪದ ತಡವರಿಕೆ.

"ಡೋಸ್ ಏರಿಸಿದೀವಲ್ಲ, ಅದರದ್ದೇ ಇರಬೇಕು. ಸೋಮವಾರ ಕರ್ಕೊಂಡು ಬನ್ನಿ, ನೋಡ್ತೀನಿ."

ಒಳಗಿನಿಂದ ಇವಳ ದನಿ. "ಬಲಗಡೆ ಮಾತ್ರ ಅಂತ ಹೇಳಿದ್ರಾ?"

ಹೂಂ ಅಂದೆ.

ಹೇಳಿರಲಿಲ್ಲ. ಅಂಕಣಕ್ಕೆ ಇನ್ನು ಒಂದೇ ಗಂಟೆ ಇತ್ತು. ಮತ್ತೆ ಫೋನ್ ಮಾಡುವುದೆಂದರೆ ಮತ್ತೆ ಹತ್ತು ನಿಮಿಷ ಆ ಕಾಯುವ ಸಂಗೀತ ಕೇಳಬೇಕು. ಸೋಮವಾರ ಹೇಗೂ ಹೋಗುತ್ತೇವಲ್ಲ.

ಏಪ್ರಿಲ್ 9

ಬೆಳಿಗ್ಗೆ ನನ್ನನ್ನು 'ಗುಂಡಿ' ಎಂದು ಕರೆದಳು. ಕರೆಯಬೇಕಾದ್ದು ಬೇರೇನೋ. ಅಂಗಿಗೆ ಹಾಕುವ ಗುಂಡಿಯೋ ಜನ ಬೀಳುವ ಗುಂಡಿಯೋ ಎಂದು ಕೇಳಿದೆ. ನಗಲಿಲ್ಲ. ಸುಸ್ತಿರಬೇಕು. ನಾಳೆ ಅಂಗಡಿಗೆ ಹೋಗಬೇಡ ಎಂದೆ, ಕೇಳುವವಳಲ್ಲ.

ಏಪ್ರಿಲ್ 27

ಹದಿನೆಂಟು ದಿನ ಇದನ್ನು ಮುಟ್ಟಿಲ್ಲ.

ಹತ್ತರಂದು, ಶನಿವಾರ. ಮೂರು ಗಂಟೆ. ಅಂಗಡಿಯಲ್ಲಿ ಮಷೀನಿನ ಮೇಲೆ ಬಿದ್ದಳು. ಫಿಟ್ಸ್. ಪಕ್ಕದ ಚಪ್ಪಲಿ ಅಂಗಡಿಯವರು ಫೋನ್ ಮಾಡಿದರು. ನಾನು ಹೋಗುವಷ್ಟರಲ್ಲಿ ಆಂಬುಲೆನ್ಸ್. ಮಷೀನು ಇನ್ನೂ ಚಾಲೂ ಇತ್ತು, ಬಟ್ಟೆ ಇಲ್ಲದೆ ಹೊಲಿಯುತ್ತಿತ್ತು.

ಮೆದುಳಿನಿಂದ ರಕ್ತ ವಾಪಸ್ ಒಯ್ಯುವ ನಾಳದಲ್ಲಿ ಹೆಪ್ಪು. ಒಂದು ವಾರದಿಂದ ಬೆಳೆಯುತ್ತಾ ಬಂದದ್ದು. ಎಡಭಾಗದಲ್ಲಿ ರಕ್ತಸ್ರಾವ. ಐಸಿಯು ಹನ್ನೆರಡು ದಿನ. ಈಗ ವಾರ್ಡು. ಬಲಗೈ ಬಲಗಾಲು ಆಡುತ್ತಿಲ್ಲ. ಮಾತಿಲ್ಲ. ಕಣ್ಣು ತೆರೆದಿರುತ್ತಾಳೆ, ಆದರೆ ಏನು ತಿಳಿಯುತ್ತದೆ, ಏನು ಇಲ್ಲ, ಹೇಳುವವರಿಲ್ಲ.

ತಮಾಷೆ ಮಾಡಿ ನೋಡಿದೆ. ಎಲ್ಲ ಹಳೆಯವೂ. ಸೀಲಿಂಗ್ ನೋಡುತ್ತಾಳೆ.

ಮೇ 2

ಭಾವ ಬಂದಿದ್ದರು — ಇವಳ ಅಣ್ಣ. ಲಿಫ್ಟ್ ರಿಪೇರಿ ಅವರ ಕೆಲಸ. ಒಂದು ಬೋಲ್ಟು ಸಡಿಲವಾದರೂ ಯಾರು ಬಿಗಿದವರು ಎಂದು ಹುಡುಕದೆ ಬಿಡುವವರಲ್ಲ. ಮನೆಗೆ ಹೋಗಿ ಪಟ್ಟಿ ಹುಡುಕಿ ತಂದಿದ್ದಾರೆ.

"ನೋಡಿ, ಕೈ ಜೋಮು, ಪದ ತಡವರಿಕೆ, ಎಲ್ಲ ನೀವು ಬರ್ದಿದೀರಿ. ಫೋನೂ ಮಾಡಿದೀರಿ. ಆ ಮಹಾನುಭಾವ ಮಾತ್ರೆ ಕಾಟ ಅಂತ ತಳ್ಳಿಹಾಕಿದಾನೆ. ಬಿಡೋಲ್ಲ ನಾನು. ದೂರು ಕೊಡ್ತೀನಿ. ನೀವು ಸೈನ್ ಮಾಡಿ ಸಾಕು."

"ಆಯ್ತು ಭಾವ" ಎಂದೆ. ಎಂದುಬಿಟ್ಟೆ.

ಸಂಜೆ ಡಾಕ್ಟರು ಬಂದರು. ಇದು ಅವರ ಆಸ್ಪತ್ರೆಯಲ್ಲ, ಆದರೂ ದಿನ ಬಿಟ್ಟು ದಿನ ಬರುತ್ತಾರೆ. ಇವಳ ಕಾಲಬೆರಳು ಒತ್ತಿ ನೋಡಿ, ಕಾರಿಡಾರಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತರು.

"ಒಂದೇ ಕಡೆ ಅಂತ ಗೊತ್ತಾಗಿದ್ರೆ ಅವತ್ತೇ ಸ್ಕ್ಯಾನ್ ಮಾಡಿಸ್ತಿದ್ದೆ. ಹೆಪ್ಪು ಕರಗಿಸೋ ಇಂಜೆಕ್ಷನ್ ಅವತ್ತೇ ಶುರು ಆಗ್ತಿತ್ತು. ನಾನು ಕೇಳಬೇಕಿತ್ತು, ಸರ್. ಯಾವ ಕೈ ಅಂತ. ಕೇಳ್ಲಿಲ್ಲ. ಅದೊಂದೇ ತಲೇಲಿ ಸುತ್ತತ್ತೆ."

ನಾನು ಕಾಫಿ ತರಲೇ ಎಂದು ಕೇಳಿದೆ. ಕಾಫಿ! ಇಪ್ಪತ್ತು ವರ್ಷ ಪದಗಳಿಂದ ಹೊಟ್ಟೆ ಹೊರೆದವನ ಬಾಯಿಗೆ ಬಂದದ್ದು ಅದು.

ಮೇ 5, ಮಧ್ಯಾಹ್ನ 12

ಇವತ್ತು ಹೇಳಿದೆ. ಅವಳಿಗೇ ಮೊದಲು.

ಸ್ಟೂಲು ಎಳೆದುಕೊಂಡು ಎಡಗಡೆ ಕೂತೆ. ಎಡಗೈ ಹಿಡಿದುಕೊಂಡೆ. ಚೌಕ ಚಿಕ್ಕದಿತ್ತು ಎಂದು ಶುರು ಮಾಡಿದೆ. ಅಲ್ಲಿಂದ ಶುರು ಮಾಡಿದ್ದಕ್ಕೇ ನಾಚಿಕೆಯಾಯಿತು. ನಿಲ್ಲಿಸಿ ಮತ್ತೆ ಹೇಳಿದೆ: "ನೀನು ಬಲಗೈ ಅಂದೆ. ನಾನು ಬಲ ಬಿಟ್ಟು ಬರೆದೆ. ಹೇಳಿದ್ರಾ ಅಂತ ನೀನು ಕೇಳಿದೆ, ನಾನು ಹೂಂ ಅಂದೆ. ಹೇಳಿರಲಿಲ್ಲ."

ಸೀಲಿಂಗ್ ಬಿಟ್ಟು ನನ್ನ ಕಡೆ ತಿರುಗಿದಳು. ಬಹಳ ಹೊತ್ತು ನೋಡಿದಳು. ಬಿದ್ದಾಗಿನಿಂದ ಯಾರನ್ನೂ ಹಾಗೆ ನೋಡಿರಲಿಲ್ಲ. ಆಮೇಲೆ ನನ್ನ ಕೈಯಿಂದ ತನ್ನ ಕೈಯನ್ನು ಎಳೆದುಕೊಂಡಳು. ನಿಧಾನವಾಗಿ, ಒಂದೊಂದೇ ಬೆರಳು ಬಿಡಿಸಿಕೊಂಡು. ಹೊದಿಕೆಯ ಒಳಗೆ ಇಟ್ಟುಕೊಂಡಳು.

ಬಾಗಿಲಲ್ಲಿ ಮಾತು ಕಲಿಸುವ ಥೆರಪಿಸ್ಟ್ ನಿಂತಿದ್ದಳು. ಚಪ್ಪಾಳೆ ತಟ್ಟಿಬಿಟ್ಟಳು.

"ಸರ್, ನೋಡಿದ್ರಾ! ನೀವು ಹೇಳಿದ್ದು ಅರ್ಥ ಆಗಿದೆ ಅವರಿಗೆ! ಪೂರ್ತಿ ಅರ್ಥ ಆಗಿದೆ! ಏನು ಹೇಳಿದ್ರಿ, ಅದನ್ನೇ ದಿನಾ ಹೇಳಿ!"

ದಿನಾ ಹೇಳಬೇಕಂತೆ.

ಮೇ 6, ಬೆಳಿಗ್ಗೆ 9.40

ಹತ್ತಕ್ಕೆ ಭಾವ ದೂರಿನ ಕಾಗದ ತರುತ್ತಾರೆ. ಈ ಡೈರಿಯಲ್ಲಿ ಏಪ್ರಿಲ್ ಆರರ ಪುಟಕ್ಕೆ ಗುರುತಿಟ್ಟಿದ್ದೇನೆ. 'ಬಲಗೈ ಮಾತ್ರ' — ನನ್ನದೇ ಅಕ್ಷರ, ಅಲ್ಲಗಳೆಯುವಂತಿಲ್ಲ. ಎಂಟನೆಯದನ್ನೂ ಓದಿಸಬೇಕು. ಓದಿದ ಮೇಲೆ ಏನು ಮಾಡುತ್ತಾರೋ. ತಂಗಿಯನ್ನು ಎತ್ತಿ ಆಡಿಸಿದವರು. ಹೊಡೆಯಲಿ. ಹೊಡೆದರೆ ಸಲೀಸು. ಹೊಡೆಯದೆ ಸುಮ್ಮನೆ ಕೂತುಬಿಟ್ಟರೆ…

ಆಮೇಲೆ ಡಾಕ್ಟರಿಗೆ ಫೋನ್. ಯಾವ ಕೈ ಎಂದು ಅವರು ಕೇಳದಿದ್ದದ್ದು ನಿಜ. ಆದರೆ ನನಗೆ ಗೊತ್ತಿತ್ತು.

ಮೆಟ್ಟಿಲ ಮೇಲೆ ಸದ್ದು. ಬೇಗ ಬಂದಿದ್ದಾರೆ. ಚಪ್ಪಲಿ ಬಿಡುತ್ತಿದ್ದಾರೆ. ಬೆಲ್ ಒತ್ತುವ ಮೊದಲೇ ಹೋಗಿ ಬಾಗಿಲು ತೆಗೆಯಬೇಕು, ಈ ಡೈರಿ ಕೈಯಲ್ಲೇ ಹಿಡಿದು.