ಟೇಪಿನ ಕೊನೆ ಕತ್ತರಿಸಬೇಡ

ಉಮೇಶಾ,

ನೀನಿನ್ನೂ ಎದ್ದಿಲ್ಲ, ನಾನು ಚಿಕ್ಕಬಾಣಾವರಕ್ಕೆ, ಗಂಡನ ಮನೆಗೆ ಹೊರಟೆ. ಇವತ್ತು ಯಶವಂತಪುರದಲ್ಲಿ ಟೇಪನ್ನ ಡಿಸ್ಕಿಗೆ ಇಳಿಸೋಕೆ ಡಿವಿಡಿ ರೈಟರ್ ತಗೊಳ್ಳುವಾಗ ಅಗ್ಗದ್ದು ಬೇಡ, ಡ್ಯುಯಲ್ ಲೇಯರ್, ಅಂದ್ರೆ ಎರಡು ಪದರದ ಡಿಸ್ಕ್ ಬರೆಯೋದನ್ನೇ ಕೇಳು. ಮಾಮೂಲಿ ಡಿಸ್ಕಿಗೆ ಎರಡೇ ಗಂಟೆ ಹಿಡಿಯೋದು, ನನ್ನ ಮದುವೆ ಟೇಪು ಮೂರು ಗಂಟೆ ಇದೆ. "ಕಡೇಗೇನೂ ಇಲ್ಲ ಕಣ್ಲಾ, ಬರೀ ಖಾಲಿ ಛತ್ರ, ಕತ್ತರಿಸಾಕು" ಅಂತ ಅಪ್ಪ ಹೇಳಿದ್ದನ್ನ ಮಾತ್ರ ಕೇಳ್ಬೇಡ.

ಬೆಳಗ್ಗೆ ನಾನು ಫಾರ್ವರ್ಡ್ ಮಾಡಿ ಕಡೇವರೆಗೂ ನೋಡಿದೆ ಕಣೋ. ಕ್ಯಾಮೆರಾದವನು ಆಫ್ ಮಾಡೋದು ಮರೆತು ಎಲ್ಲೋ ಹೋಗಿದಾನೆ. ಪಂಕ್ತಿ ಎಲ್ಲಾ ಮುಗಿದಿದೆ. ಧಾರೆ ಎರೆಯೋಕೆ ಅಂತ ಉಪವಾಸ ಇದ್ದ ಅಮ್ಮ ಸುಸ್ತಾಗಿ ಮೂಲೇಲಿ ಕೂತಿದಾಳೆ. ಅಪ್ಪ ಬಂದು ಎಲೆ ಹಾಕಿ, ನೀರು ಚಿಮುಕಿಸಿ, ಅನ್ನ ಸಾರು ತಾವೇ ಬಡಿಸಿ, ಎದುರಿಗೆ ನೆಲದ ಮೇಲೆ ಕೂತು ಟವೆಲ್ಲಲ್ಲಿ ಗಾಳಿ ಬೀಸ್ತಿದಾರೆ. ಕೂತಲ್ಲಿಂದಲೇ ಕೂಗಿ ಉಪ್ಪು ತರಿಸಿಕೊಳ್ಳೋ ನಮ್ಮಪ್ಪ! ಅಮ್ಮ ಏನೋ ಅಂದಳು, ಇಬ್ಬರೂ ನಕ್ಕರು. ಆ ನಗು ನಾನು ಈ ಮನೇಲಿ ಒಂದು ದಿನಾನೂ ಕೇಳಿಲ್ಲ. ಕಾಫಿ ಕೈಯಲ್ಲೇ ಆರಿಹೋಯ್ತು, ನಿಂತೇ ನೋಡಿದೆ.

ಟೇಪು ವಿಸಿಆರ್ ಒಳಗೇ ಇದೆ. ಅದರ ಮೇಲೆ ಹಾಲಿನ ಲೋಟ ಇಟ್ಟೆಯೋ, ಗ್ರಹಚಾರ ಬಿಡಿಸ್ತೀನಿ. ಅಪ್ಪನ ಹತ್ರ ಏನೂ ಕೇಳೋಕೆ ಹೋಗ್ಬೇಡ. ಡಿಸ್ಕ್ ರೆಡಿ ಆದ ದಿನ ಇಬ್ಬರನ್ನೂ ಟೀವಿ ಮುಂದೆ ಕೂರಿಸಿ, ಬಾಗಿಲು ಎಳ್ಕೊಂಡು ನೀನು ಆಚೆ ಹೋಗ್ಬಿಡು.

ಖಾಲಿ ಛತ್ರ ಅಂತೆ!

ಮಂಜುಶ್ರೀ